ಫಾಲಿ ಮೇಜರ್: ಹೆಲಿಕಾಪ್ಟರ್ ನಡೆಸುತ್ತಲೇ ವಾಯುಪಡೆಯ ಮುಖ್ಯಸ್ಥರಾದವರು

ನಮ್ಮ ಸೀಮೆಯಲ್ಲಿ ಹೆಲಿಕಾಪ್ಟರ್ ಅಂದರೆ ಮಂದಿಗೆ ಎರಡೇ ನೆನಪು. ಒಂದು ಚುನಾವಣೆಯದು. ಮೈದಾನಕ್ಕೆ ಟ್ಯಾಂಕರ್ ನೀರು ಹೊಡೆಸಿ, ಸುಣ್ಣದಲ್ಲಿ ದೊಡ್ಡ ಗುರುತು ಬರೆದು, ಪೊಲೀಸರು ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ ಮೇಲೆ ಯಾರೋ ದೊಡ್ಡವರು ಇಳಿಯುತ್ತಾರೆ. ಭಾಷಣ ಕೇಳಲು ಬಂದವರಿಗಿಂತ ಹೆಲಿಕಾಪ್ಟರ್ ನೋಡಲು ಬಂದವರೇ ಹೆಚ್ಚು. ಇನ್ನೊಂದು ಹೊಳೆಯದು. 2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡಲಿಲ್ಲ. ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿದ ಆ ವಾರ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಾಳಿಗೆ ಮನೆಗಳು ನೆನೆದು ಕುಸಿದವು. ಆಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನಮ್ಮ ಆಕಾಶಕ್ಕೆ ಬಂದಿದ್ದವು.

ಕಲ್ಮಲದಲ್ಲಿ ನಿಂತು ನೋಡಿದರೆ ಈ ಎರಡನೇ ನೆನಪು ನಮಗೆ ಯಾಕೆ ಮತ್ತೆ ಮತ್ತೆ ಬರುತ್ತದೆ ಅನ್ನುವುದು ತಿಳಿಯುತ್ತದೆ. ರಾಯಚೂರಿನಿಂದ ಬಂದ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಮಾನ್ವಿ ಕಡೆಗೆ, ಅಂದರೆ ತುಂಗಭದ್ರೆಯ ಕಡೆಗೆ. ಇನ್ನೊಂದು ದೇವದುರ್ಗದ ಕಡೆಗೆ, ಅಂದರೆ ಕೃಷ್ಣೆಯ ಕಡೆಗೆ. ಎಡೆದೊರೆ ನಾಡು ಅಂತ ಹಳಬರು ಹೆಸರಿಟ್ಟಿದ್ದು ಸುಮ್ಮನಲ್ಲ. ಬ್ಯಾಸಗಿಯಲ್ಲಿ ಕೊಡ ನೀರಿಗೆ ಒದ್ದಾಡುವ ಇದೇ ನೆಲ, ಮೇಲಿನ ಅಣೆಕಟ್ಟುಗಳ ಗೇಟು ಎತ್ತಿದರೆ ಎರಡೂ ಕಡೆ ನೀರಲ್ಲಿ ನಿಲ್ಲುತ್ತದೆ.

ಅಂಥ ಹೊತ್ತಿನಲ್ಲಿ ಮೇಲಿಂದ ಬಂದವರ ಹೆಸರು ನಮ್ಮಲ್ಲಿ ಯಾರೂ ಕೇಳಲಿಲ್ಲ. ವೈಮಾನಿಕ ಸಮೀಕ್ಷೆ ಮಾಡಿದ ಮಂತ್ರಿಗಳ ಹೆಸರು ಮಾತ್ರ ಪೇಪರಿನಲ್ಲಿ ಬಂತು. ಹೆಲಿಕಾಪ್ಟರ್ ನಡೆಸುವವರು ಯಾರು, ಸೈನ್ಯದಲ್ಲಿ ಅವರ ಜಾಗ ಯಾವುದು, ಅವರೊಳಗಿಂದ ಒಬ್ಬರು ಎಷ್ಟು ಮೇಲೆ ಹೋಗಬಹುದು? ಇದನ್ನು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಹೆಸರು ಏರ್ ಚೀಫ್ ಮಾರ್ಷಲ್ ಫಾಲಿ ಹೋಮಿ ಮೇಜರ್. ಭಾರತೀಯ ವಾಯುಪಡೆಯ ಮುಖ್ಯಸ್ಥರಾದ ಮೊದಲ ಹೆಲಿಕಾಪ್ಟರ್ ಪೈಲಟ್.

ಅವರು ಕನ್ನಡಿಗರಲ್ಲ, ಪಾರ್ಸಿ. ಆದರೆ ನಮಗೆ ದೂರದವರೂ ಅಲ್ಲ. ಹುಟ್ಟಿದ್ದು 1947ರ ಮೇ 29ರಂದು, ಸಿಕಂದರಾಬಾದಿನಲ್ಲಿ. ಆ ದಿನ ನಮ್ಮ ರಾಯಚೂರು ಕೂಡ ಅದೇ ನಿಜಾಮರ ಸೀಮೆಯ ಒಂದು ಜಿಲ್ಲೆ. ಎರಡೂವರೆ ತಿಂಗಳಿಗೆ ದೆಹಲಿಯಲ್ಲಿ ಬಾವುಟ ಏರಿತು, ನಮಗೆ ಏರಲಿಲ್ಲ. ಸಿಕಂದರಾಬಾದಿನ ಆ ಕೂಸಿಗೂ, ಕಲ್ಮಲದಲ್ಲಿ ಆ ವರ್ಷ ಹುಟ್ಟಿದ ಕೂಸಿಗೂ ಸ್ವಾತಂತ್ರ್ಯ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿದ ಮೇಲೆ. 1956ರ ನವೆಂಬರ್ 1ರವರೆಗೆ ಎರಡೂ ಊರು ಒಂದೇ ರಾಜ್ಯದಲ್ಲಿದ್ದವು. ಇವತ್ತಿಗೂ ದೊಡ್ಡ ರೋಗಕ್ಕೆ ನಮ್ಮವರು ರೈಲು ಹತ್ತುವುದು ಬೆಂಗಳೂರಿಗಿಂತ ಮೊದಲು ಹೈದರಾಬಾದಿನ ಕಡೆಗೇ.

ಹೆಸರಿನ ಬಗ್ಗೆ ಒಂದು ಮಾತು. ‘ಮೇಜರ್’ ಅನ್ನುವುದು ಅವರ ಮನೆತನದ ಹೆಸರು. ಸೈನ್ಯದಲ್ಲಿ ಮೇಜರ್ ಅನ್ನುವ ಹುದ್ದೆಯೂ ಇದೆ, ಆದರೆ ವಾಯುಪಡೆಯಲ್ಲಿ ಆ ಹುದ್ದೆಯೇ ಇಲ್ಲ. ಈ ಗೊಂದಲ ಮುಂದೆ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ, ನೆನಪಿಡಿ.

ಮೂರು ದಾರಿ, ಮೂರು ಮರ್ಯಾದೆ

ಫಾಲಿ ಮೇಜರ್ ವಾಯುಪಡೆಗೆ ಅಧಿಕಾರಿಯಾಗಿ ಸೇರಿದ್ದು 1967ರ ಡಿಸೆಂಬರ್ 31ರಂದು. ಪೈಲಟ್ ಆಗಲು ಬಂದ ಹುಡುಗರೆಲ್ಲ ಮೊದಲು ಒಂದೇ ಬಗೆಯ ಚಿಕ್ಕ ವಿಮಾನದಲ್ಲಿ ಕಲಿಯುತ್ತಾರೆ. ಆಮೇಲೆ ಮೂರು ದಾರಿ: ಯುದ್ಧವಿಮಾನ, ಸಾಗಣೆ ವಿಮಾನ, ಹೆಲಿಕಾಪ್ಟರ್. ಬಹಳಷ್ಟು ಹುಡುಗರ ಕಣ್ಣು ಯುದ್ಧವಿಮಾನದ ಮೇಲೆಯೇ. ಸಿನೆಮಾದಲ್ಲಿ ಬರುವುದೂ ಅದೇ, ದೊಡ್ಡ ಹುದ್ದೆಗಳಿಗೆ ಏರಿದವರ ಪಟ್ಟಿಯಲ್ಲಿ ತುಂಬಿರುವುದೂ ಅವರೇ. ಹೆಲಿಕಾಪ್ಟರಿನವರಿಗೆ ಸಿಗುವ ಕೆಲಸ ಬೇರೆ. ಗುಡ್ಡದ ಮೇಲಿನ ಠಾಣೆಗೆ ಸೀಮೆಎಣ್ಣೆ ಮುಟ್ಟಿಸು, ಗಾಯಗೊಂಡವನನ್ನು ಇಳಿಸು, ಹೆಣ ತಾ, ನೆರೆ ಬಂದಲ್ಲಿ ರೊಟ್ಟಿ ಹಾಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ಜಾತ್ರೆಯ ಪೈಲ್ವಾನ, ಇನ್ನೊಬ್ಬ ಹೊರೆ ಹೊತ್ತು ಬೆಟ್ಟ ಹತ್ತುವವ.

ಭಾರತೀಯ ವಾಯುಪಡೆಗೆ ಹೆಲಿಕಾಪ್ಟರ್ ಬಂದಿದ್ದೇ ತಡವಾಗಿ, 1954ರಲ್ಲಿ. ಮೊದಲು ಅಮೆರಿಕದ ಸಿಕೋರ್ಸ್‌ಕಿ. ಆಮೇಲೆ ರಷ್ಯಾದ ಮಿ-4, ಅದಾದ ಮೇಲೆ ಮಿ-8, ಮಿ-17. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ 1960ರ ದಶಕದಿಂದ ಚೇತಕ್, ನಂತರ ಚೀತಾ ತಯಾರಾದವು. ಹಿಮಾಲಯದ ಮೇಲೆ ಹಾರಿದ ಎಷ್ಟೋ ಹೆಲಿಕಾಪ್ಟರ್‌ಗಳು ನಮ್ಮ ರಾಜ್ಯದಲ್ಲಿ ಬೋಲ್ಟು ಬಿಗಿಸಿಕೊಂಡು ಹೋದವು ಅನ್ನುವುದು ನಮ್ಮ ಶಾಲೆ ಪುಸ್ತಕದಲ್ಲಿ ಇರಬೇಕಾದ ಮಾತು.

ನಡೆಸುವುದು ಹೇಗೆ ಅಂತ ಒಂದಿಷ್ಟು ಹೇಳಿಬಿಡುತ್ತೇವೆ, ಮುಂದಿನ ಕಥೆಗೆ ಬೇಕು. ವಿಮಾನ ಓಡುತ್ತಿದ್ದರೆ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ಹೆಲಿಕಾಪ್ಟರ್ ನಿಂತಲ್ಲೇ ನಿಲ್ಲಬಲ್ಲದು, ಯಾಕೆಂದರೆ ಅದರ ರೆಕ್ಕೆಯೇ ತಲೆಮೇಲೆ ತಿರುಗುತ್ತಿರುತ್ತದೆ. ಪೈಲಟ್‌ನ ಎಡಗೈಯ ಹಿಡಿಕೆ ಎತ್ತಿದರೆ ಮೇಲೆ, ಇಳಿಸಿದರೆ ಕೆಳಗೆ. ಬಲಗೈಯ ಹಿಡಿಕೆ ಯಾವ ಕಡೆ ವಾಲಿಸಿದರೆ ಆ ಕಡೆ ಹೋಗುತ್ತದೆ. ಎರಡು ಕಾಲಡಿಯ ಪೆಡಲ್‌ಗಳು ಬಾಲದ ಚಿಕ್ಕ ರೆಕ್ಕೆಯನ್ನು ಹಿಡಿತದಲ್ಲಿಟ್ಟು ಮೂತಿಯನ್ನು ತಿರುಗಿಸುತ್ತವೆ. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ಸರಿಪಡಿಸಬೇಕು. ಹಾರುವುದಕ್ಕಿಂತ ಗಾಳಿಯಲ್ಲಿ ಅಲ್ಲಾಡದೆ ನಿಲ್ಲುವುದೇ ಕಷ್ಟ. ದೊಡ್ಡ ಮಿ-17ರ ರೆಕ್ಕೆಯ ಸುತ್ತು 21 ಮೀಟರ್ ಅಗಲ, ತುಂಬಿದಾಗ ತೂಕ 13 ಟನ್. ಅದನ್ನು ಹೊತ್ತು ನಿಲ್ಲಿಸುವ ಗಾಳಿಯೆಲ್ಲ ಕೆಳಕ್ಕೆ ಬಡಿಯುತ್ತದೆ. ಚುನಾವಣೆ ಮೈದಾನದಲ್ಲಿ ನಮ್ಮ ಕಣ್ಣಿಗೆ ಹೊಡೆದ ಧೂಳು ಅದೇ ಗಾಳಿಯದು.

ಕೊಡಗಿನ ಒಬ್ಬರು

ಹೆಲಿಕಾಪ್ಟರ್ ದಾರಿಗೆ ಎಲ್ಲರೂ ಒಂದೇ ಬಗೆಯಲ್ಲಿ ಬರುವುದಿಲ್ಲ. ನಮ್ಮ ರಾಜ್ಯದ ಕೊಡಗಿನವರಾದ ಏರ್ ಮಾರ್ಷಲ್ ಕೆ.ಸಿ. ಕಾರಿಯಪ್ಪ ಶುರುವಿಗೆ ಯುದ್ಧವಿಮಾನದವರು. ಮನೆಯಲ್ಲಿ ನಂದಾ ಅಂತ ಕರೆಯುತ್ತಿದ್ದರು. ತಂದೆ ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕ, ಫೀಲ್ಡ್ ಮಾರ್ಷಲ್ ಕೆ.ಎಂ. ಕಾರಿಯಪ್ಪ. 1965ರ ಯುದ್ಧದ ಕೊನೆಯ ಹೊತ್ತಿಗೆ, ಸೆಪ್ಟೆಂಬರ್ 22ರಂದು, ನಂದಾ ಅವರ ಹಂಟರ್ ವಿಮಾನ ಪಾಕಿಸ್ತಾನದ ಗುಂಡಿಗೆ ಸಿಕ್ಕಿತು. ಅವರು ಹೊರಗೆ ಜಿಗಿದರು, ಬೆನ್ನಿಗೆ ಪೆಟ್ಟಾಯಿತು, ಸೆರೆ ಸಿಕ್ಕರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಅವಿಭಜಿತ ಸೈನ್ಯದಲ್ಲಿ ಹಿರಿಯ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟುಕೊಡುವ ಮಾತು ಅತ್ತಲಿಂದ ಬಂದಾಗ, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ರಿಯಾಯಿತಿ ಬೇಡ ಅಂತ ತಂದೆ ಹೇಳಿ ಕಳಿಸಿದ ಕಥೆ ಕೊಡಗಿನಲ್ಲಿ ಮನೆಮಾತು.

ನಂದಾ ಕಾರಿಯಪ್ಪ ಉಳಿದ ಕೈದಿಗಳ ಜೊತೆಯೇ 1966ರ ಜನವರಿಯಲ್ಲಿ ಬಂದರು. ಆ ಬೆನ್ನುನೋವಿನ ನಂತರದ ಅವರ ಸೇವೆಯಲ್ಲಿ 111ನೇ ಹೆಲಿಕಾಪ್ಟರ್ ಯೂನಿಟ್‌ನ ನಾಯಕತ್ವವೂ ಸೇರಿದೆ. ಯುದ್ಧವಿಮಾನದಿಂದ ಹೆಲಿಕಾಪ್ಟರಿಗೆ ಬರುವುದನ್ನು ಕೆಳಗಿಳಿದಂತೆ ಅಂದುಕೊಳ್ಳುವವರು ಆ ಕಾಲದಲ್ಲಿ ಇದ್ದಿರಬಹುದು. ಆದರೆ 1971ರಲ್ಲಿ ಅಂಥವರ ಬಾಯಿ ಮುಚ್ಚಿತು ಅನ್ನುವುದು ನಮ್ಮ ಅನಿಸಿಕೆ. ಆ ಡಿಸೆಂಬರ್ 9ರಿಂದ ಮಿ-4 ಹೆಲಿಕಾಪ್ಟರ್‌ಗಳು ಬಾಂಗ್ಲಾದ ಮೇಘನಾ ನದಿಯ ಮೇಲೆ ಹೋಗಿ ಬಂದು, ಹೋಗಿ ಬಂದು, ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ ಸೈನಿಕರನ್ನು ಆಚೆ ದಡ ಸೇರಿಸಿದವು. ಸೇತುವೆ ಒಡೆದಿತ್ತು, ಹೊಳೆ ಕಡಲಿನಂತೆ ಹರಡಿತ್ತು. ಢಾಕಾಕ್ಕೆ ದಾರಿ ತೆರೆದದ್ದು ಹಾಗೆ.

ಹಿಮ ಮತ್ತು ಕಾಡು

ಫಾಲಿ ಮೇಜರ್ ಅವರ ಸೇವೆಯ ನಡುಗಾಲ ಎರಡು ಕಠಿಣ ಜಾಗಗಳಲ್ಲಿ ಕಳೆಯಿತು. ಒಂದು ಸಿಯಾಚಿನ್. 1984ರ ಏಪ್ರಿಲ್ 13ರಂದು ಭಾರತ ಆ ಹಿಮನದಿಯ ಮೇಲೆ ಸೈನಿಕರನ್ನು ಇಳಿಸಿತು. ಅಂದಿನಿಂದ ಅಲ್ಲಿನ ಬದುಕು ನಡೆಯುವುದೇ ಹೆಲಿಕಾಪ್ಟರಿನ ಮೇಲೆ. ಹದಿನೆಂಟು ಸಾವಿರ ಅಡಿ ಮೇಲೆ ಗಾಳಿಯ ಒತ್ತಡ ನಮ್ಮೂರಿನ ಅರ್ಧದಷ್ಟೇ. ಮನುಷ್ಯನಿಗೆ ಉಸಿರು ಸಾಲದ ಹಾಗೆ ಯಂತ್ರಕ್ಕೂ ಸಾಲುವುದಿಲ್ಲ, ರೆಕ್ಕೆಗೆ ಹಿಡಿಯಲು ಗಾಳಿಯೇ ಇರುವುದಿಲ್ಲ. ಕೆಳಗೆ ಟನ್‌ಗಟ್ಟಲೆ ಎತ್ತುವ ಹೆಲಿಕಾಪ್ಟರ್ ಅಲ್ಲಿ ಒಂದೆರಡು ಮೂಟೆಗೆ ಏದುಸಿರು ಬಿಡುತ್ತದೆ. ಮೇಜರ್ ಅಲ್ಲಿಗೆ ಸಾಮಾನು ಸಾಗಿಸುವ ಮಿ-17 ತಂಡವನ್ನು ನಡೆಸಿದರು, ಮುಂದೆ ಲೇಹ್ ವಾಯುನೆಲೆಯ ಮುಖ್ಯಸ್ಥರೂ ಆದರು.

ನಮ್ಮವರಿಗೆ ಸಿಯಾಚಿನ್ ಅಂದರೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಹಿಮ ಕುಸಿದು, ಆರನೇ ದಿನ ಜೀವ ಇರುವಾಗಲೇ ಸಿಕ್ಕರು. ಅಲ್ಲಿಂದ ಅವರನ್ನು ಕೆಳಗೆ ತಂದದ್ದು ಹೆಲಿಕಾಪ್ಟರ್, ದೆಹಲಿಗೆ ಒಯ್ದದ್ದು ವಿಮಾನ. 11ನೇ ತಾರೀಖು ತೀರಿಕೊಂಡರು. ಆ ದಿನಗಳಲ್ಲಿ ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಅವರನ್ನು ಹೊತ್ತು ಇಳಿದ ಹೆಲಿಕಾಪ್ಟರಿನಲ್ಲಿ ಕೂತಿದ್ದವರು ಯಾರು ಅಂತ ಆಗಲೂ ಯಾರೂ ಕೇಳಲಿಲ್ಲ.

ಇನ್ನೊಂದು ಜಾಗ ಶ್ರೀಲಂಕಾ. 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ಭಾರತದ ಶಾಂತಿಪಾಲನಾ ಪಡೆ ಅಲ್ಲಿತ್ತು. ಶಾಂತಿ ಕಾಯಲು ಹೋದವರು ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಬಿದ್ದರು. 1987ರ ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಸೈನಿಕರನ್ನು ಇಳಿಸಲು ಹೋದ ಮಿ-8 ಹೆಲಿಕಾಪ್ಟರ್‌ಗಳ ಮೇಲೆ ಕತ್ತಲಲ್ಲಿ ಗುಂಡಿನ ಮಳೆ ಬಿತ್ತು. ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು, ಒಬ್ಬ ಸೆರೆಯಾದ. ಅಂಥ ಯುದ್ಧದಲ್ಲಿ ಮೇಜರ್ ಮಿ-8 ತಂಡವೊಂದರ ನಾಯಕ. ಅಲ್ಲಿನ ಧೈರ್ಯಕ್ಕೆ ವಾಯುಸೇನಾ ಪದಕ ಬಂತು.

ಹಗ್ಗಕ್ಕೆ ಜೋತುಬಿದ್ದ ಡಬ್ಬಿ

ಆದರೆ ಅವರ ಹೆಸರು ದೇಶಕ್ಕೆ ಗೊತ್ತಾದದ್ದು ಯುದ್ಧದಿಂದ ಅಲ್ಲ.

ಹಿಮಾಚಲ ಪ್ರದೇಶದ ಪರವಾಣೂ ಊರಿನಲ್ಲಿ ಟಿಂಬರ್ ಟ್ರೇಲ್ ಅನ್ನುವ ಹೋಟೆಲ್ ಇದೆ. ರಸ್ತೆಯ ಪಕ್ಕದಿಂದ ಎದುರಿನ ಗುಡ್ಡದ ತುದಿಗೆ ಕಣಿವೆ ದಾಟಲು ಹಗ್ಗದ ದಾರಿ, ಅಂದರೆ ಉಕ್ಕಿನ ತಂತಿಯ ಮೇಲೆ ಜಾರುವ ಡಬ್ಬಿ. 1992ರ ಅಕ್ಟೋಬರ್ 13ರಂದು ಡಬ್ಬಿ ಇನ್ನೇನು ಮೇಲಿನ ನಿಲ್ದಾಣ ಮುಟ್ಟಬೇಕು, ಎಳೆಯುವ ತಂತಿ ಹರಿಯಿತು. ಡಬ್ಬಿ ಹಿಂದಕ್ಕೆ ಜಾರಿತು. ಅದನ್ನು ನೋಡಿಕೊಳ್ಳುತ್ತಿದ್ದ ನೌಕರ ಹೆದರಿ ಹೊರಗೆ ಜಿಗಿದ, ಬಂಡೆಗೆ ಬಿದ್ದು ಸತ್ತ. ಡಬ್ಬಿ ಮಾತ್ರ ಜಾರುತ್ತ ಹೋಗಿ ಕಣಿವೆಯ ನಟ್ಟನಡುವೆ ಹೊತ್ತ ತಂತಿಯ ಮೇಲೆ ತೂಗುತ್ತ ನಿಂತಿತು. ಕೆಳಗೆ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಕೌಶಲ್ಯಾ ನದಿ. ಒಳಗೆ ಪ್ರವಾಸಕ್ಕೆ ಬಂದಿದ್ದ ಜನ. ಆ ರಾತ್ರಿ ಹಾಗೇ ಕಳೆಯಿತು.

ಎರಡೂ ದಡದಿಂದ ಮುಟ್ಟುವಂತಿರಲಿಲ್ಲ. ಉಳಿದ ದಾರಿ ಮೇಲಿನದೊಂದೇ. ಉತ್ತರ ಪ್ರದೇಶದ ಸರಸಾವಾ ವಾಯುನೆಲೆಯಿಂದ ಮಿ-17 ಬಂತು. ನಡೆಸುತ್ತಿದ್ದವರು ಆಗ ಗ್ರೂಪ್ ಕ್ಯಾಪ್ಟನ್ ಹುದ್ದೆಯಲ್ಲಿದ್ದ ಫಾಲಿ ಮೇಜರ್, ಆ ಯೂನಿಟ್‌ನ ನಾಯಕರು. ಕೆಳಗಿನವರನ್ನು ಕಳಿಸಿ ತಾವು ನೆಲದಲ್ಲಿ ನಿಂತು ನೋಡಬಹುದಿತ್ತು. ಹಾಗೆ ಮಾಡಲಿಲ್ಲ. ಸೈನ್ಯದ ಕಡೆಯಿಂದ ಬಂದವರು ಪ್ಯಾರಾ ವಿಶೇಷ ಪಡೆಯ ಮೇಜರ್ ಐವನ್ ಜೋಸೆಫ್ ಕ್ರಾಸ್ತೊ. ಒಬ್ಬರ ಹೆಸರು ಮೇಜರ್, ಇನ್ನೊಬ್ಬರ ಹುದ್ದೆ ಮೇಜರ್. ಒಬ್ಬರು ಮೇಲೆ ನಿಲ್ಲಬೇಕು, ಇನ್ನೊಬ್ಬರು ತಂತಿಯಲ್ಲಿ ಕೆಳಗೆ ಇಳಿಯಬೇಕು.

ಇದರಲ್ಲಿ ಏನು ಕಷ್ಟ ಅಂತ ಸ್ವಲ್ಪ ಯೋಚಿಸಿ. ಹೆಲಿಕಾಪ್ಟರ್ ಡಬ್ಬಿಯ ಹತ್ತಿರ ಬಂದಷ್ಟೂ ಅದರ ಗಾಳಿ ಡಬ್ಬಿಯನ್ನು ತೂಗಾಡಿಸುತ್ತದೆ, ಜೋರಾದರೆ ಇದ್ದ ಒಂದು ಆಸರೆಯೂ ಹೋಗಬಹುದು. ದೂರ ಮೇಲೆ ನಿಂತರೆ ಇಳಿಬಿಟ್ಟ ವಿಂಚ್ ತಂತಿ ಗಾಳಿಗೆ ಗಡಿಯಾರದ ಲೋಲಕದಂತೆ ಆಡುತ್ತದೆ, ಅದರ ತುದಿಯಲ್ಲಿ ಮನುಷ್ಯ. ಉಕ್ಕಿನ ತಂತಿಗಳು ಅಲ್ಲೇ ಪಕ್ಕದಲ್ಲಿವೆ. ಇಳಿಬಿಟ್ಟ ತಂತಿ ಅದಕ್ಕೆ ಸಿಕ್ಕಿಕೊಂಡರೆ ಹೆಲಿಕಾಪ್ಟರೇ ಬೀಳುತ್ತದೆ. ಕಣಿವೆಯಲ್ಲಿ ಗಾಳಿ ಒಂದೇ ಕಡೆಯಿಂದ ಬೀಸುವುದಿಲ್ಲ. ಇಷ್ಟೆಲ್ಲದರ ನಡುವೆ ಪೈಲಟ್‌ಗೆ ತನ್ನ ಕಾಲಕೆಳಗಿನ ಡಬ್ಬಿ ಕಾಣುವುದೇ ಇಲ್ಲ. ಬಾಗಿಲಲ್ಲಿ ಮಲಗಿ ಕೆಳಗೆ ನೋಡುತ್ತಿರುವ ಸಿಬ್ಬಂದಿ ಕಿವಿಯಲ್ಲಿ ಹೇಳುತ್ತಾನೆ: ಎಡಕ್ಕೆ, ಇನ್ನೂ ಒಂದು ಮೀಟರ್, ನಿಲ್ಲಿ, ಹಿಂದಕ್ಕೆ. ಆ ಮಾತನ್ನು ನಂಬಿ 13 ಟನ್ನಿನ ಯಂತ್ರವನ್ನು ಮೊಳದ ಲೆಕ್ಕದಲ್ಲಿ ಸರಿಸಬೇಕು. ನಮ್ಮಲ್ಲಿ ಬಾವಿಗೆ ಇಳಿದವನ ಹಗ್ಗ ಹಿಡಿದವನಿಗೆ ಈ ನಂಬಿಕೆಯ ರುಚಿ ಗೊತ್ತು.

ಅಕ್ಟೋಬರ್ 14ರಂದು ಕ್ರಾಸ್ತೊ ತಂತಿಯಲ್ಲಿ ಇಳಿದು ಡಬ್ಬಿಯ ಚಾವಣಿ ಹಿಡಿದರು, ಮೇಲಿನ ಕಿಂಡಿಯಿಂದ ಒಳಗೆ ಹೋದರು. ಒಬ್ಬೊಬ್ಬರನ್ನೇ ಪಟ್ಟಿ ಕಟ್ಟಿ ಮೇಲೆ ಕಳಿಸಿದರು. ಕೆಲವರು ಹೋಗುವಷ್ಟರಲ್ಲಿ ಕತ್ತಲಾಯಿತು. ಕತ್ತಲಲ್ಲಿ ತಂತಿ ಕಾಣದು, ಹೆಲಿಕಾಪ್ಟರ್ ಹಿಂದಿರುಗಬೇಕು. ಕ್ರಾಸ್ತೊ ತಾವೂ ಮೇಲೆ ಹೋಗಬಹುದಿತ್ತು. ಉಳಿದವರ ಜೊತೆ ಡಬ್ಬಿಯಲ್ಲೇ ಆ ರಾತ್ರಿ ಕಳೆದರು, ಧೈರ್ಯಕ್ಕೆ ಅವರ ಜೊತೆ ಹಾಡು ಹೇಳಿದರು. ಅವರು ಹಾಗೆ ಉಳಿಯಲು ಸಾಧ್ಯವಾದದ್ದು ಬೆಳಿಗ್ಗೆ ಹೆಲಿಕಾಪ್ಟರ್ ಬಂದೇ ಬರುತ್ತದೆ ಅನ್ನುವ ನಂಬಿಕೆಯಿಂದ. 15ರ ಬೆಳಿಗ್ಗೆ ಅದು ಬಂತು. ಉಳಿದವರೆಲ್ಲರನ್ನೂ ಎತ್ತಿದರು. ಜಿಗಿದು ಸತ್ತ ಆ ನೌಕರನನ್ನು ಬಿಟ್ಟರೆ ಮತ್ತೆ ಯಾರ ಜೀವವೂ ಹೋಗಲಿಲ್ಲ.

ಕ್ರಾಸ್ತೊ ಅವರಿಗೆ ಕೀರ್ತಿ ಚಕ್ರ, ಫಾಲಿ ಮೇಜರ್ ಅವರಿಗೆ ಶೌರ್ಯ ಚಕ್ರ ಸಿಕ್ಕಿತು. ಇವು ಯುದ್ಧವಿಲ್ಲದ ಹೊತ್ತಿನ ಧೈರ್ಯಕ್ಕೆ ಕೊಡುವ ಎರಡನೇ ಮತ್ತು ಮೂರನೇ ದೊಡ್ಡ ಗೌರವಗಳು. ಮೊದಲನೆಯದು ಅಶೋಕ ಚಕ್ರ. ಇಂಥ ಕೆಲಸ ಎಷ್ಟು ನಾಜೂಕಿನದು ಅನ್ನುವುದು 2022ರ ಏಪ್ರಿಲ್‌ನಲ್ಲಿ ಜಾರ್ಖಂಡಿನ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿ ಮತ್ತೆ ಕಂಡಿತು. ಅಲ್ಲಿಯೂ ಹಗ್ಗದ ದಾರಿ ಕೆಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ಹಲವರನ್ನು ಎತ್ತಿ ಉಳಿಸಿದವು. ಆದರೆ ಬಾಗಿಲ ತನಕ ಬಂದವನೊಬ್ಬ ಕೈಜಾರಿ ಬಿದ್ದುಹೋದ. ಆ ವಿಡಿಯೊ ನಮ್ಮ ಎಷ್ಟೋ ಜನರ ಮೊಬೈಲಿಗೂ ಬಂದಿತ್ತು.

ದೊಡ್ಡ ಕುರ್ಚಿ

2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಮೇಜರ್ ದೆಹಲಿಯಲ್ಲಿ ಮೂರೂ ಪಡೆಗಳ ಜಂಟಿ ಕಚೇರಿಯಲ್ಲಿದ್ದರು. ಭೂಸೇನೆ, ನೌಕಾಪಡೆ, ವಾಯುಪಡೆಯ ಪರಿಹಾರ ಕೆಲಸವನ್ನು ಹೊಂದಿಸುವ ಹೊಣೆ ಅವರದಾಗಿತ್ತು. ಕಾರ್ ನಿಕೋಬಾರಿನಲ್ಲಿ ವಾಯುಪಡೆಯ ನೆಲೆಯೇ ಕೊಚ್ಚಿಹೋಗಿದ್ದ ಹೊತ್ತದು. ಆಮೇಲೆ ಶಿಲ್ಲಾಂಗ್‌ನ ಪೂರ್ವ ವಾಯು ಕಮಾಂಡಿನ ಮುಖ್ಯಸ್ಥರಾದರು. 2007ರ ಮಾರ್ಚ್ 31ರಂದು ಎಸ್.ಪಿ. ತ್ಯಾಗಿ ಅವರಿಂದ ವಾಯುಪಡೆಯ ಮುಖ್ಯಸ್ಥರ ಹುದ್ದೆ ವಹಿಸಿಕೊಂಡರು. ಪಾರ್ಸಿಗಳಲ್ಲಿ ಅವರಿಗಿಂತ ಮೊದಲು ಆ ಹುದ್ದೆಗೆ ಬಂದಿದ್ದವರು ಆಸ್ಪಿ ಎಂಜಿನಿಯರ್, 1960ರಲ್ಲಿ. ಹೆಲಿಕಾಪ್ಟರಿನವರಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಅವರು ಹಾರಿದ್ದು 7700 ಗಂಟೆಗೂ ಹೆಚ್ಚು. ಹಗಲು ರಾತ್ರಿ ಕೆಳಗಿಳಿಯದೆ ಹಾರಿದರೆ ಹತ್ತು ತಿಂಗಳು ದಾಟುವ ಲೆಕ್ಕ. ಪರಮ ವಿಶಿಷ್ಟ ಸೇವಾ ಪದಕ, ಅತಿ ವಿಶಿಷ್ಟ ಸೇವಾ ಪದಕಗಳೂ ಎದೆಯ ಮೇಲಿದ್ದವು. ಅವರ ಅವಧಿ ಶಾಂತವಾಗಿರಲಿಲ್ಲ. 2008ರ ಆಗಸ್ಟ್‌ನಲ್ಲಿ ಬಿಹಾರದ ಕೋಸಿ ನದಿ ದಿಕ್ಕು ಬದಲಿಸಿ ಊರೂರು ಮುಳುಗಿಸಿತು. ನವೆಂಬರ್‌ನಲ್ಲಿ ಮುಂಬೈ ದಾಳಿ. 28ನೇ ತಾರೀಖು ಬೆಳಿಗ್ಗೆ ನಾರಿಮನ್ ಹೌಸ್‌ನ ಮಾಳಿಗೆ ಮೇಲೆ ಕಮಾಂಡೊಗಳು ಹಗ್ಗ ಹಿಡಿದು ಇಳಿದದ್ದು ವಾಯುಪಡೆಯ ಹೆಲಿಕಾಪ್ಟರಿನಿಂದ. ಆ ಡಿಸೆಂಬರಿನಲ್ಲಿ ರಷ್ಯಾದಿಂದ 80 ಹೊಸ ಮಿ-17 ವಿ5 ಹೆಲಿಕಾಪ್ಟರ್ ಕೊಳ್ಳುವ ಒಪ್ಪಂದ ಆಯಿತು. 2009ರ ಮೇ 31ರಂದು ನಿವೃತ್ತರಾದರು. ನಮ್ಮ ತುಂಗಭದ್ರೆ ಉಕ್ಕಿದ್ದು ಅದಾದ ನಾಲ್ಕು ತಿಂಗಳಿಗೆ.

ಅವರ ನಂತರ ಆ ಕುರ್ಚಿಗೆ ಬಂದವರೆಲ್ಲ ಮತ್ತೆ ಯುದ್ಧವಿಮಾನದವರೇ. ಒಬ್ಬರು ಹತ್ತಿದರೆಂದು ಏಣಿ ಎಲ್ಲರಿಗೂ ಸಿಕ್ಕಿತು ಅಂತಲ್ಲ. ಇದು ನಮ್ಮ ಊರುಗಳಲ್ಲೂ ಕಂಡ ಮಾತೇ.

ವಿ5 ಬಂದ ಮೇಲೆ

ಆ ಹೊಸ ಹೆಲಿಕಾಪ್ಟರ್‌ಗಳು 2011ರಿಂದ ಬರತೊಡಗಿದವು. 2013ರ ಜೂನ್‌ನಲ್ಲಿ ಕೇದಾರನಾಥ ಕೊಚ್ಚಿಹೋದಾಗ ದೊಡ್ಡ ಕೆಲಸ ಬಿದ್ದದ್ದು ಅವುಗಳ ಮೇಲೆ. ಜೂನ್ 25ರಂದು ಕೇದಾರನಾಥದಿಂದ ಹಿಂದಿರುಗುತ್ತಿದ್ದ ಒಂದು ವಿ5 ಗೌರಿಕುಂಡದ ಹತ್ತಿರ ಮಂಜಿನ ಕಣಿವೆಯಲ್ಲಿ ಬಿತ್ತು. ನಡೆಸುತ್ತಿದ್ದ ವಿಂಗ್ ಕಮಾಂಡರ್ ಡ್ಯಾರಿಲ್ ಕ್ಯಾಸ್ತಲಿನೊ ಸೇರಿ 20 ಜನ ಸತ್ತರು. ವಾಯುಪಡೆಯವರು, ವಿಪತ್ತು ಪಡೆಯವರು, ಗಡಿ ಪೊಲೀಸರು. ಬೇರೆಯವರನ್ನು ಉಳಿಸಲು ಹೋದವರೇ ಎಲ್ಲರೂ.

ನಮ್ಮ ಕಡೆ ಮುಂದಿನ ದೊಡ್ಡ ನೆರೆ 2019ರ ಆಗಸ್ಟ್‌ನದು. ಕೃಷ್ಣೆ ಉಕ್ಕಿ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆ ಮುಳುಗಿ ಗಡ್ಡಿಗಳ ಜನ ಆಚೆಯೇ ಉಳಿದರು. ಪಕ್ಕದ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ಎತ್ತಿತು. ನಮ್ಮ ನಡುಗಡ್ಡೆಗಳ ಮಾತು ಬೇರೆ. ಅಲ್ಲಿನವರು ದನಕರು ಬಿಟ್ಟು ಬರಲು ಒಪ್ಪುವುದಿಲ್ಲ, ಪ್ರತಿ ನೆರೆಯಲ್ಲೂ ಅಧಿಕಾರಿಗಳಿಗೂ ಅವರಿಗೂ ಇದೇ ಜಗ್ಗಾಟ. ಅವರನ್ನು ಹಟಮಾರಿಗಳು ಅನ್ನುವುದು ಸುಲಭ. ಎಮ್ಮೆ ಹೋದರೆ ಮುಂದಿನ ವರ್ಷವೇ ಹೋದಂತೆ ಅನ್ನುವುದು ಅವರ ಲೆಕ್ಕ, ಹೆಲಿಕಾಪ್ಟರಿನಲ್ಲಿ ಎಮ್ಮೆಗೆ ಜಾಗವಿಲ್ಲ. ಎಂಥ ಪೈಲಟ್ ಬಂದರೂ ಅವನು ಸೇತುವೆಯ ಬದಲಿಗೆ ಆಗಲಾರ. ಆ ಗಡ್ಡಿಗಳ ಸೇತುವೆಯ ಬೇಡಿಕೆ ನಮಗಿಂತ ಹಳೆಯದು.

ಇನ್ನು ನಮ್ಮ ಹುಡುಗ ಹುಡುಗಿಯರು ಆ ಬಾಗಿಲು ದಾಟಿ ಮುಂದಿನ ಸೀಟಿನಲ್ಲಿ ಕೂರುವ ಮಾತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಎನ್‌ಡಿಎ ಪರೀಕ್ಷೆ ಬರೆಯಬಹುದು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. 2021ರಿಂದ ಹುಡುಗಿಯರಿಗೂ ಅವಕಾಶ ಇದೆ. ಡಿಗ್ರಿ ಮುಗಿಸಿದವರಿಗೆ ಅಫ್‌ಕ್ಯಾಟ್ ಅನ್ನುವ ಬೇರೆ ಪರೀಕ್ಷೆ. 2019ರಲ್ಲಿ ಮಿ-17 ವಿ5 ಅನ್ನು ಮೂವರೂ ಮಹಿಳೆಯರೇ ಇದ್ದ ತಂಡ ಹಾರಿಸಿತು. ಅವರಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದ ಹೀನಾ ಜೈಸ್ವಾಲ್ ತರಬೇತಿ ಪಡೆದದ್ದು ನಮ್ಮ ಯಲಹಂಕದ 112ನೇ ಹೆಲಿಕಾಪ್ಟರ್ ಯೂನಿಟ್‌ನಲ್ಲಿ. ದಾರಿ ಇದೆ ಅನ್ನುವುದು ನಿಜ, ಆದರೆ ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಗಬ್ಬೂರು, ಕುರ್ಡಿ ಕಡೆಯ ಸರಕಾರಿ ಶಾಲೆಯಲ್ಲಿ ಗಣಿತವನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲ ಮಗುವಿಗೆ ಅಲ್ಲಿ ಗಣಿತಕ್ಕಿಂತ ಮೊದಲು ಭಾಷೆ ಅಡ್ಡ ನಿಲ್ಲುತ್ತದೆ. ಇದು ನ್ಯಾಯವಲ್ಲ ಅನ್ನುವುದು ನಮ್ಮ ಮಾತು.

ಅದಕ್ಕೆ ಚಿಕ್ಕ ವಯಸ್ಸಿನಲ್ಲೇ ಹಿಡಿಯಬಹುದಾದ ಬಾಗಿಲು ಒಂದಿದೆ. ನಮಗೆ ಹತ್ತಿರದ ಸೈನಿಕ ಶಾಲೆ ವಿಜಯಪುರದ್ದು, 1963ರಲ್ಲಿ ಶುರುವಾದದ್ದು. ಈಗ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಐದನೇ ತರಗತಿಯಲ್ಲಿರುವ, ಹತ್ತರಿಂದ ಹನ್ನೆರಡು ವಯಸ್ಸಿನ ಮಕ್ಕಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು ಕನ್ನಡದಲ್ಲಿ ಬರೆಯಬಹುದು.